ಸೀಟಿನೊಳಗಿನ ಕಂಬಳಿ

ಘಾಟ್ಕೋಪರ್, ರವಿವಾರ

ಅಣ್ಣಗ ಶಿವಪುತ್ರನ ಶರಣಾರ್ಥಿ.

ನಮ್ಮ ಪಿಕಪ್ ಗಾಡಿಯ ಡ್ರೈವರ್ ಸೀಟಿಗೆ ಇವತ್ತು ನಾನೇ ಒಂದು ಬಿಸಿ ಪ್ಯಾಡ್ ಕೂಡ್ರಿಸೀನಿ. ನಿನ್ನ ಸೊಂಟಕ್ಕ ಶಾಖ ಕೊಡಬೇಕಂತ ಡಾಕ್ಟರು ಹೇಳಿದ್ದು ವೈನಿಯಿಂದ ಗೊತ್ತಾತು. ಮುಂಬೈ ಸೆಕಿಯೊಳಗ ಸೀಟು ಯಾಕ ಕಾಸತಿ ಅಂತ ಬಿಲ್ಡಿಂಗಿನ ಮಂದಿ ನಕ್ಕರು. ನಗಲಿ. ನಸುಕಿನ್ಯಾಗ ಬೈಕುಲ್ಲಾ ಮಾರ್ಕೆಟ್ಟಿನಿಂದ ಕಾಯಿಪಲ್ಲೆ ಹೇರಿಕೊಂಡು ಬರಾಂವ ನೀನು, ಅವರಲ್ಲ.

ಸ್ಟೇರಿಂಗ್ ಕೆಳಗ ಕೆಂಪು ಬಟನ್ ಐತಿ. ಒಮ್ಮೆ ಒತ್ತಿದ್ರ ಸಣ್ಣ ಶಾಖ, ಎರಡು ಸಲ ಒತ್ತಿದ್ರ ಜೋರು. ಇಳಿಯೂ ಮುಂದ ಬಂದ್ ಮಾಡು, ಇಲ್ಲಂದ್ರ ಬ್ಯಾಟರಿ ಇಳೀತೈತಿ.

ಪ್ಯಾಡ್ ಹಾಕಾಕ ಸೀಟಿನ ಕವರ್ ಬಿಚ್ಚಿದೆ. ಸ್ಪಂಜಿನ ಕೆಳಗ, ಸ್ಪ್ರಿಂಗಿನ ಮ್ಯಾಲ, ಅವ್ವನ ಕಂಬಳಿ ಮಡಚಿಟ್ಟಿತ್ತು.

ಸ್ಪ್ರಿಂಗ್ ಚುಚ್ಚತೈತಿ, ಮಧ್ಯಾಹ್ನದ ಪಾಳಿ ನನಗ ಆಗವಲ್ದು ಅಂತ ಹೋದ ವರ್ಷ ನಾ ಒದರಾಡಿದ್ದೆ. ಮರುದಿನದಿಂದ ಚುಚ್ಚಲಿಲ್ಲ. ಅದೇ ವಾರ, ಅವ್ವ ತೀರಿದ ಮ್ಯಾಲ ಉಳಿದಿದ್ದ ಒಂದೇ ಕಂಬಳೀನೂ ನುಂಗಿದಿ ಅಂತ ಮಂದಿ ಮುಂದ ನಿನಗ ಅಂದೆ. ನೀ ಕೀಲಿ ಅಲ್ಲೇ ಇಟ್ಟು ಹೋದಿ. ಅವತ್ತಿನಿಂದ ಮಾತು ಬಿಟ್ಟೀವಿ. ನಸುಕಿನ ಪಾಳಿ ಮುಗಿಸಿ ನೀನು, ಮಧ್ಯಾಹ್ನದ್ದು ಮುಗಿಸಿ ನಾನು, ಗಾಡಿ ಕೀಲಿ ಚಹಾದ ಅಂಗಡ್ಯಾಗ ಇಟ್ಟು ಹೋಗತೀವಿ.

ಕಂಬಳಿ ಧೂಳು ಝಾಡಿಸಿ ಮತ್ತ ಹಂಗೇ ಮಡಚಿಟ್ಟೀನಿ. ವೈರು ಅದಕ್ಕ ತಾಗದಂಗ ಬಾಜೂಕ ಎಳದೀನಿ.

ಒಂದು ಕೆಲಸ ಮಾಡು. ನಾಳೆ ಪಾಳಿ ಮುಗಿದ ಮ್ಯಾಲ ಕೀಲಿ ಅಂಗಡ್ಯಾಗ ಇಡಬ್ಯಾಡ. ಮನಿಗೆ ಬಂದು ನನ್ನ ಕೈಯಾಗ ಕೊಡು.

ನಿನ್ನ ತಮ್ಮ,
ಶಿವಪುತ್ರ