ಹತ್ತಿಕೋಣೆಯ ಪಕ್ಕದ ದೇವರು

ರಾಯದುರ್ಗ,
೧೯-೩-೧೯೩೪

ಮಡಕಶಿರಾದಲ್ಲಿ ಗಂಡ ಮಕ್ಕಳೊಂದಿಗೆ ಸುಖವಾಗಿರುವ ನನ್ನ ಅಣ್ಣನ ಮಗಳು ದಾಕ್ಷಾಯಣಿಗೆ ಚಿಕ್ಕಪ್ಪನ ತುಂಬು ಆಶೀರ್ವಾದ.

ಕಾಗದ ಕೈಸೇರಿದ ಗಳಿಗೆಯಲ್ಲೇ, ಹತ್ತಿ ಮಾರಿಬಿಡಿ ಎಂದು ಅಳಿಯಂದಿರಿಂದ ಒಂದು ತಂತಿ ಕೊಡಿಸು ತಾಯೀ. ನಿನ್ನ ಪಾಲಿಗೆ ಬಂದ ನಿನ್ನ ಅಪ್ಪನ ಹೊಲದ ಹತ್ತಿ ನನ್ನ ಹಿಂದಿನ ಕೋಣೆಯಲ್ಲಿ ಸೂರಿನವರೆಗೆ ತುಂಬಿದೆ. ನಿನ್ನ ಮಗಳ ಮದುವೆ ಅದರ ಮೇಲೇ ನಿಂತಿದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಧಾರಣೆ ಏರಲಿ ಎಂದು ಕಾಯಬೇಡಿ. ನನಗೆ ಊಟ ಸೇರುತ್ತಿಲ್ಲ.

ಹತ್ತಿಕೋಣೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿರುವವನು ಪೊಲೀಸು ದಫೇದಾರ ಲಕ್ಷ್ಮೀನರಸಪ್ಪ, ನಿಮ್ಮ ಗುಡಿಬಂಡೆ ಕಡೆಯವನು. ನಡುವೆ ಗೋಡೆಯಿಲ್ಲ, ಬಿದಿರಿನ ತಟ್ಟಿ. ಮನೆಯೊಳಗೆ ಬೀಡಿ ಹಚ್ಚಕೂಡದು ಎಂದು ಮೊದಲೇ ಗಟ್ಟಿಯಾಗಿ ಹೇಳಿದ್ದೆ. ಅವನ ಹೆಂಡತಿಗೆ ಹೇಳಿದ್ದೆ. ಹತ್ತಿ ಬಂದು ಬಿದ್ದ ಮೇಲೆ ದಿನಾ ಮಧ್ಯಾಹ್ನ ತಟ್ಟಿಯ ಸಂದಿನಿಂದ ಬೀಡಿ ವಾಸನೆ. ಆ ಮೀಸೆ, ಆ ಬೆಲ್ಟು ಕಂಡರೆ ಅರ್ಧ ಊರು ಬಾಗಿಲು ಹಾಕಿಕೊಳ್ಳುತ್ತದೆ. ನಾನು ಹೆದರುವವನಲ್ಲ, ನಿನಗೆ ಗೊತ್ತು. ಆದರೂ ಎದುರಿಗೆ ಕೇಳುವುದು ಮರ್ಯಾದೆಯಲ್ಲ ಎಂದು ತಲೆ ಓಡಿಸಿದೆ.

ಅವನು ನರಸಿಂಹಸ್ವಾಮಿಯ ಒಕ್ಕಲು. ಹೆಂಡತಿ ತವರಿಗೆ ಹೋಗಿದ್ದಳು. ಒರಳಿನ ಹಳೆಯ ಗುಂಡುಕಲ್ಲಿಗೆ ಕುಂಕುಮ ಬಳಿದು, ವಿಭೂತಿ ಹಚ್ಚುವ ಇದೇ ಕೈಯಿಂದ ಮೂರು ನಾಮ ಎಳೆದು, ಅವನ ಗೋಡೆಗೂಡಿನಲ್ಲಿ ಇಟ್ಟೆ. ಸಂಜೆ ಬಂದವನಿಗೆ, ಗಾರೆ ಉದುರಿ ಸ್ವಾಮಿ ತಾನೇ ಕಾಣಿಸಿಕೊಂಡ ಎಂದೆ. ದಫೇದಾರ ಅಡ್ಡಬಿದ್ದ. ಬೀಡಿ ಕಟ್ಟನ್ನು ನನ್ನೆದುರೇ ಚರಂಡಿಗೆ ಎಸೆದ. ಇಂಥ ಕೆಲಸ ಈ ಊರಲ್ಲಿ ಇನ್ನೊಬ್ಬ ಮಾಡಲಿ, ನೋಡೋಣ.

ಮರುದಿನ ನೋಡಿದರೆ ಗೂಡಿನಲ್ಲಿ ಎಣ್ಣೆದೀಪ. ಸಂಜೆ ಕರ್ಪೂರ. ಬೆಂಕಿ ಬೇಡವಲ್ಲ ಎಂದು ಮೆತ್ತಗೆ ಹೇಳಿದ್ದಕ್ಕೆ ಮೀಸೆ ನೀವಿಕೊಂಡು, “ಸ್ವಾಮೀನ ಕತ್ಲಾಗೆ ಕೂರ್ಸಾಕಾಯ್ತದಾ ಯಜಮಾನ್ರೇ? ನಿಮ್ಮನೇಗೇ ಬಂದವ್ನೆ, ನಿಮ್ಗೇ ಬ್ಯಾಡ್ವಾ?” ಎಂದ. ಬೇಕು ಎಂದುಬಿಟ್ಟೆ. ಶನಿವಾರ ಬೀದಿಯ ಹೆಂಗಸರೂ ದೀಪ ತಂದರು.

ನಿನ್ನೆ ಮುಸ್ಸಂಜೆ ಅವನು ಬಾವಿಗೆ ಹೋಗಿದ್ದಾಗ, ಎಣ್ಣೆಯ ಆಸೆಗೆ ಇಲಿಯೊಂದು ಉರಿಯುವ ಬತ್ತಿಯನ್ನೇ ಕಚ್ಚಿಕೊಂಡು ತಟ್ಟಿಯ ಕೆಳಗೆ ನುಸುಳಿತು. ಕಂಡವನೇ ಓಡಿಹೋಗಿ ಹತ್ತಿಕೋಣೆಯ ಬೀಗ ತೆಗೆದೆ. ಒಳಗೆ ಹತ್ತಿಯಿಂದ ಗೇಣು ದೂರದಲ್ಲಿ ಬತ್ತಿ ಹೊಗೆಯಾಡುತ್ತಿತ್ತು. ಅಂಗೈಯಿಂದಲೇ ಒತ್ತಿ ನಂದಿಸಿದೆ. ಅಕ್ಷರ ಸೊಟ್ಟಗಿರುವುದು ಅದಕ್ಕೇ.

ಕಲ್ಲು ತೆಗೆದರೆ ಅವನು ಬಿಡುವುದಿಲ್ಲ. ನಾನೇ ಇಟ್ಟೆ ಎಂದರೆ ಚರ್ಮ ಸುಲಿಯುತ್ತಾನೆ. ನಿನ್ನ ಚಿಕ್ಕಮ್ಮ ಅನ್ನದಾನಮ್ಮನೋ, “ದೇವರ್ನ ಕರದವರು ನೀವ, ಕಳಸೋದೂ ನೀವ ನೋಡ್ರಿ” ಎಂದು ನೀರಿನ ಕೊಡ ಪಕ್ಕಕ್ಕಿಟ್ಟುಕೊಂಡು ತಟ್ಟಿಯ ಬುಡದಲ್ಲಿ ಕೂತಿದ್ದಾಳೆ. ತಂತಿ ಮರೆಯಬೇಡ.

ಇಂತಿ, ಯಾರಿಗೂ ಅಂಜದ ನಿನ್ನ ಚಿಕ್ಕಪ್ಪ,
ದೊಡ್ಡಮಲ್ಲಪ್ಪ

ತಾ.ಕ.: ಗುಂಡುಕಲ್ಲಿನ ಮಾತು ಅಳಿಯಂದಿರ ಕಿವಿಗೆ ಹಾಕಬೇಡ. ಇವತ್ತು ಬೆಳಿಗ್ಗೆ ಕೋಣೆಯಲ್ಲಿ ಯಾರೂ ಇಲ್ಲವೆಂದು ನಾನೇ ಅದರ ಮುಂದೆ ನಿಂತು, ಮಗುವಿನ ಹತ್ತಿ ಉಳಿಸಿಕೊಡಪ್ಪ ಎಂದು ಕೈಮುಗಿದೆ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ನೂರೊಂದು ದೀಪದ ಹರಕೆ. ತಿರುಗಿದರೆ ಬಾಗಿಲಲ್ಲಿ ದಫೇದಾರ, ಕಣ್ಣು ತುಂಬಿಕೊಂಡು ನಿಂತಿದ್ದಾನೆ. ಸಂಜೆಗೇ ತೀರಿಸಿಬಿಡೋಣ ಎಂದು ಎಣ್ಣೆ ತರಲು ಹೋಗಿದ್ದಾನೆ.