ಪ್ರಾರ್ಥನೆಗೆ ಇಟ್ಟ ಗುಟ್ಟು

ಸುಲ್ತಾನ್ ಬಜಾರ್, ಹೈದರಾಬಾದ್
೧೪ ಅಕ್ಟೋಬರ್ ೨೦೦೪

ಪ್ರೀತಿಯ ಸೊಸೆ ತಾರಾಳಿಗೆ, ಯೇಸುಸ್ವಾಮಿಯ ಹೆಸರಿನಲ್ಲಿ ನಿನ್ನ ಅತ್ತೆಯ ವಂದನೆಗಳು.

ಹೇಗಿದ್ದೀಯಮ್ಮಾ? ಬೀದರಿನಲ್ಲಿ ಆಗಲೇ ಥಂಡಿ ಶುರುವಾಗಿರಬೇಕು. ನಿನ್ನ ಗಂಟಲು ಮೊದಲೇ ಸೂಕ್ಷ್ಮ, ತಲೆಗೆ ಶಾಲು ಸುತ್ತದೆ ಅಂಗಳಕ್ಕೆ ಬರಬೇಡ. ನಿನ್ನ ಅವ್ವನ ಮೊಣಕಾಲು ನೋವು ಇಳಿಯಿತೇ? ನಾವಿಲ್ಲಿ ಕ್ಷೇಮ. ಹಾಗೆ ಬರೆಯುವುದು ರೂಢಿ ಅಂತ ಬರೆದೆ. ನಿನ್ನ ಗಂಡ ಪ್ರಭುದಾಸ ಮಾದಾಪುರದಲ್ಲಿ ಕ್ಯಾಬ್ ಓಡಿಸಿ ಬಂದು ತಾನೇ ಬಡಿಸಿಕೊಂಡು ಉಣ್ಣುತ್ತಾನೆ, ನನ್ನ ಜೊತೆ ಹೆಚ್ಚು ಮಾತಿಲ್ಲ. ನಿಮ್ಮ ಪಕ್ಕದ ಮನೆಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು ಬಟ್ಟೆ ಒಗೆಯುತ್ತಿದ್ದೆಯಂತೆ. ಅಷ್ಟು ಬಟ್ಟೆ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ.

ಅಡುಗೆಮನೆಯಲ್ಲಿ ನೀನು ನನ್ನ ಕೈ ಹಿಡಿದು ಹೇಳಿದ್ದೆ: "ಅತ್ತಿ, ಟ್ರೇನಿಂಗ್ ಪರೀಕ್ಷಾದಾಗ ಫೇಲ್ ಆಗೀನ್ರಿ. ಇನ್ನೊಂದ್ಸಲ ಕರೀತಾರಂತ. ಅಲ್ಲೀತನಕ ಯಾರಿಗೂ ಹೇಳಬ್ಯಾಡ್ರಿ, ಅವರಿಗೂ ನಾನೇ ಹೇಳ್ತೀನಿ." ನಾನು ಆಗಲಿ ಎಂದು ತಲೆ ಆಡಿಸಿದೆ. ಎರಡು ದಿನ ಕಳೆದಿರಲಿಲ್ಲ. ಶುಕ್ರವಾರ ನಮ್ಮಲ್ಲೇ ನಡೆದ ಮನೆಪ್ರಾರ್ಥನೆಯಲ್ಲಿ, ಪ್ರಾರ್ಥನೆಗೆ ಏನಾದರೂ ವಿಷಯವಿದ್ದರೆ ಹೇಳಿ ಎಂದು ಪಾದ್ರಿ ಅಯ್ಯನವರು ಅಂದದ್ದೇ ತಡ, ಎದ್ದು ನಿಂತೆ. ನಿನಗೆ ಕಾಲ್ ಸೆಂಟರಿನ ನೌಕರಿ ಸಿಕ್ಕಾಗ ದೇವರ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದವಳೂ ನಾನೇ. ಗಾಜಿನ ಬಿಲ್ಡಿಂಗು, ಬಾಗಿಲಿಗೇ ಗಾಡಿ ಎಂದೆಲ್ಲ ಹೇಳಿ ಎಲ್ಲರಿಂದ 'ಸ್ತೋತ್ರ' ಅನ್ನಿಸಿಕೊಂಡಿದ್ದೆ. ಈ ಸಲವೂ ಅದೇ ದನಿಯಲ್ಲಿ, ನಮ್ಮ ಸೊಸೆಯ ಇಂಗ್ಲಿಷ್ ಸಾಲದೆಂದು ಕಂಪನಿಯವರು ಮನೆಗೆ ಕಳಿಸಿದ್ದಾರೆ, ಅವಳಿಗೆ ಎಲ್ಲರೂ ಧೈರ್ಯ ಹೇಳಿ ಎಂದೆ. ಪ್ರಭುದಾಸ ಆಗಷ್ಟೇ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಹೆಂಡತಿಯ ಸುದ್ದಿ ಅವನಿಗೆ ತಿಳಿದದ್ದು ಹಾಗೆ. ಆಮೇಲೆ ಧೈರ್ಯ ಹೇಳಲು ಒಬ್ಬರ ಹಿಂದೆ ಒಬ್ಬರು ಬಂದರಲ್ಲ! ಯಾರೋ ಬೈಬಲಿನ ವಾಕ್ಯ ಹೇಳಿದರು, ಯಾರೋ ಕೋಠಿಯ ಇಂಗ್ಲಿಷ್ ಕ್ಲಾಸಿನ ವಿಳಾಸ ಕೊಟ್ಟರು, ಎಸ್ತೇರಮ್ಮ ತನ್ನ ತಮ್ಮನ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವ ಕೆಲಸವಿದೆ ಎಂದಳು. ನೀನು ತಲೆ ಎತ್ತದೆ ಎಲ್ಲರಿಗೂ ಚಹಾ ಕೊಟ್ಟೆ, ಮರುದಿನ ಬೀದರಿನ ಬಸ್ ಹತ್ತಿದೆ. ಒಳ್ಳೆಯದಕ್ಕೇ ಹೇಳಿದೆನಲ್ಲ, ಇದಕ್ಕೆ ಇಷ್ಟು ಸಿಟ್ಟೇ ಎಂದು ನಾನು ನಿನ್ನನ್ನೇ ಬೈದುಕೊಂಡೆ.

ಕಳೆದ ಶುಕ್ರವಾರ ಪ್ರಾರ್ಥನೆ ಎಸ್ತೇರಮ್ಮನ ಮನೆಯಲ್ಲಿ. ಬೆಳಿಗ್ಗೆ ನಲ್ಲಿಯ ಹತ್ತಿರ ಅವಳೆದುರು ಕಣ್ಣೀರು ಹಾಕಿ, ಯಾರಿಗೂ ಹೇಳಬೇಡ ಎಂದಿದ್ದೆ. ಸಂಜೆ ಅವಳು ಎದ್ದಳು: "ನಮ್ಮ ಮಾಣಿಕಮ್ಮಕ್ಕನ ಸೊಸಿ ಮನಿ ಬಿಟ್ಟು ಹೋಗ್ಯಾಳ್ರಿ. ಅಕ್ಕ ಭಾಳ ನೊಂದಾಳ, ಎಲ್ಲಾರೂ ಪ್ರಾರ್ಥನಾ ಮಾಡ್ರಿ." ಪ್ರೀತಿಯಿಂದಲೇ ಹೇಳಿದಳು ಕಣೇ, ಅದೇ ನನಗೆ ಇರಿದದ್ದು. ಎಲ್ಲರೂ ಕಣ್ಣು ಮುಚ್ಚಿದರು. ನನಗೆ ಮುಚ್ಚಲಾಗಲಿಲ್ಲ. ನನ್ನ ಮನೆಯ ಮಾತು ಅಷ್ಟೂ ಬಾಯಿಗಳಲ್ಲಿ ಓಡಾಡುತ್ತಿತ್ತು, ನಾನು ಜಮಖಾನೆಯ ಗೆರೆ ನೋಡುತ್ತ ಕುಳಿತೆ. ಆಮೇಲೆ "ಧೈರ್ಯ ತಗೋರಿ" ಎಂದು ಕೈಯಲ್ಲಿ ಬಿಸ್ಕತ್ತು ಇಟ್ಟರು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದೆ.

ನಡೆದು ಬರುವಾಗ ಶುಭಶುಕ್ರವಾರದ ಆರಾಧನೆ ನೆನಪಾಯಿತು. ಒಬ್ಬಳೇ ಹಾಡುತ್ತೇನೆಂದು ತಿಂಗಳಿಡೀ ಜಂಬ ಕೊಚ್ಚಿದ್ದೆ. ಎರಡನೇ ಚರಣ ಮರೆತೇಹೋಯಿತು. ಎದುರಿಗೆ ಮೈಕು, ತುಂಬಿದ ಸಭೆ, ನಾಲಿಗೆ ಒಣಗಿತ್ತು. ಆಗ ಹೆಂಗಸರ ಸಾಲಿನಿಂದ ನೀನು ಮೆಲ್ಲಗೆ ಎತ್ತಿಕೊಂಡೆ, ಅಲ್ಲಿಂದ ಎಲ್ಲರೂ ಸೇರಿ ಹಾಡಬೇಕಿತ್ತೇನೋ ಎನ್ನುವ ಹಾಗೆ. ಸಭೆಯೆಲ್ಲ ದನಿಗೂಡಿಸಿತು, ನನ್ನ ಮಾನ ಉಳಿಯಿತು. ಮನೆಯಲ್ಲಿ ಪ್ರಭುದಾಸ ಕೇಳಿದರೆ "ಅತ್ತಿ ಚಂದ ಹಾಡಿದ್ರು" ಎಂದೆ ನೀನು, ಅಷ್ಟೇ. ನನ್ನೆದುರು ಕೂಡ ಆ ಮಾತು ಎತ್ತಲಿಲ್ಲ. ಸಭೆಯಲ್ಲಿ ಇಷ್ಟು ವರ್ಷ ಎಲ್ಲರಿಗೂ ಧೈರ್ಯದ ಮಾತು ಹೇಳುವವಳು ನಾನೇ ಎಂದುಕೊಂಡಿದ್ದೆ. ನನಗೆ ನಾಚಿಕೆಯಾಗುತ್ತಿದೆ ತಾರಾ, ಕನ್ನಡಿ ಮುಂದೆ ನಿಂತು ತಲೆ ಬಾಚಲೂ ನಾಚಿಕೆ. ಎಲುಬಿಲ್ಲದ ಈ ನಾಲಿಗೆಯನ್ನು ನೀನು ಇನ್ನು ನಂಬಲಾರೆ, ಅದಕ್ಕೇ ಕೈಯಿಂದ ಬರೆಯುತ್ತಿದ್ದೇನೆ. ನನ್ನನ್ನು ಕ್ಷಮಿಸು.

ನಿನ್ನ ಅಪ್ಪ ಅವ್ವನಿಗೆ ನನ್ನ ವಂದನೆ ತಿಳಿಸು. ದೇವರು ನಿನ್ನನ್ನು ಎಲ್ಲ ಕೇಡಿನಿಂದ ಕಾಯಲಿ, ನಿನ್ನ ಅತ್ತೆಯ ಬಾಯಿಂದಲೂ ಕಾಯಲಿ.

ಇಂತಿ ನಿನ್ನ ಅತ್ತೆ,
ಮಾಣಿಕಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಕಂಪನಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಇಪ್ಪತ್ತೇಳನೇ ತಾರೀಖು ಬುಧವಾರ, ಬೆಳಿಗ್ಗೆ ಹತ್ತಕ್ಕೆ ನಿನಗೆ ಮತ್ತೆ ಪರೀಕ್ಷೆಯಂತೆ. ಬಾರಮ್ಮಾ. ನಾಳೆ ಮನೆಪ್ರಾರ್ಥನೆ ನಮ್ಮಲ್ಲೇ ಇದೆ, ಆದರೂ ಯಾರಿಗೂ ಹೇಳುವುದಿಲ್ಲ. ಪ್ರಭುದಾಸನಿಗೂ ಹೇಳಿಲ್ಲ, ಅವನಿಗೆ ನೀನೇ ಹೇಳು. ದೇವರಿಗೆ ಮಾತ್ರ ಹೇಳಿದ್ದೇನೆ, ಅದೂ ಬಾಯಿ ಮುಚ್ಚಿಕೊಂಡು.