ಅತ್ತಿ ದೆವ್ವ ಆದದ್ದು

ಫೆಬ್ರುವರಿ 3, ಸೋಮವಾರ

ಬೆಳಿಗ್ಗಿ ಮನಿ ಪಾರ್ಲರಿನ್ಯಾಗ ಎರಡು ಐಬ್ರೋ, ಒಂದು ಫೇಶಿಯಲ್. ನಡುವ ಕಪಿಲ ಬಂದ. ಸೇಡಂ ಬಸ್‌ಸ್ಟ್ಯಾಂಡ್ ಹತ್ರ ಫೋಟೋ ಸ್ಟುಡಿಯೋ ಇಟ್ಟಾನಲ್ಲ, ಅವ.

"ಅಕ್ಕಾ, ಹಾರರ್ ಶಾರ್ಟ್ ಫಿಲಂ ಮಾಡಾಕತ್ತೀನಿ. ಏಳು ನಿಮಿಷದ್ದು. ದೆವ್ವದ ಮೇಕಪ್ ನೀವೇ ಮಾಡ್ಬೇಕು."

ಕ್ಯಾಮೆರಾ ಮದಿವಿ ಶೂಟಿಂಗಿಂದೇ. ನಟರು ಇಬ್ಬರೇ. ಮದಿವಿ ದಿನ ಸತ್ತು ದೆವ್ವ ಆದ ಮದುಮಗಳ ಕಥಿ. ಆ ಪಾರ್ಟಿನ ಹುಡುಗಿ ನಿನ್ನೆ ಒಲ್ಲೆ ಅಂದಾಳ.

ಅತ್ತಿ ತಲಿ ತೊಳ್ಕೊಂಡು ಅಂಗಳದಾಗ ಕೂದಲ ಒಣಗಿಸ್ಲಿಕತ್ತಿದ್ರು. ಬೆಳ್ಳನ್ನ ಕೂದಲ, ನಡದ ತನಕ. ಕಪಿಲ ನೋಡ್ಕೋತ ನಿಂತ.

"ದೆವ್ವಕ್ಕೂ ವಯಸ್ಸಾಗ್ತದಲ್ಲಕ್ಕಾ? ನಲವತ್ತು ವರ್ಷ ಕಾದ ಮದುಮಗಳು..."

ನಗ್ಬೇಕಂದೆ. ಅಷ್ಟ್ರಾಗ ಅತ್ತಿ ಅಂಗಳದಿಂದ್ಲೇ — "ನಾ ಬರ್ತೀನಿ."

ಫೆ. 4

ಮನಿಯವರು ಉಣ್ಣೋದು ಬಿಟ್ಟು ಎದ್ದರು. ನನಗೇ ಬೈದ್ರು.

"ನಮ್ಮವ್ವ ಗಂಡನ್ನ ಕಳ್ಕೊಂಡಾಕಿ. ಹಸರ ಸೀರಿ ಉಡಿಸಿ, ಕುಂಕುಮ ಇಟ್ಟು ಮಂದಿಗಿ ತೋರಸ್ತೀ?"

ಅತ್ತಿ ರೊಟ್ಟಿ ಬಡೀತಾನೇ ಇದ್ರು. ಕಡೀಗಿ ಒಂದೇ ಮಾತು. "ಸಂಗಮೇಶ, ನಾ ನಿನಗ ಕೇಳಿಲ್ಲ. ಹೇಳೀನಿ."

ಈ ಮನಿಗಿ ಬಂದು ಹನ್ನೊಂದು ವರ್ಷ. ಅವರಿಗಿ ಇಂಥ ಧ್ವನಿ ಅದ ಅಂತ ಗೊತ್ತಿರಲಿಲ್ಲ.

ಫೆ. 9, ಐತವಾರ, ಮಧ್ಯಾಹ್ನ

ನಸಿಕಿನ್ಯಾಗ ರೈಲು. ಹೊರಗ ಮಂಜೋ, ಸಿಮೆಂಟ್ ಧೂಳೋ... ಚಿತ್ತಾಪುರ ಬಂದದ್ದೂ ಹೋದದ್ದೂ ಕನಸಿನಂಗ. ವಾಡ್ಯಾಗ ಗಾಡಿ ಬದಲಿಸಿ ಶಹಾಬಾದ್.

ಕೆಲಸ ನಿಂತ ಹಳೇ ಫರ್ಸಿಕಲ್ಲಿನ ಖಣಿ. ನಾಕೂ ಕಡೆ ಪದರ ಪದರ ಕಲ್ಲು, ನಡುವ ಹಸರ ನೀರು. ಬಿಸಲಿಗಿ ಆಚಿ ದಂಡಿ ಅಲಗ್ಯಾಡಿದಂಗ ಕಾಣ್ತದ. "ರಾತ್ರಿಗಿ ಲೈಟ್ ಇಲ್ಲಕ್ಕಾ, ಬಿಸಲೇ ಅಂಜಸ್ಬೇಕು" ಅಂದ ಕಪಿಲ.

ಅತ್ತಿ ಮುಖ ಮುಟ್ಟಿದ್ದು ಇದೇ ಮೊದಲು. ಬೂದಿ ಬಣ್ಣ ಹಚ್ಚಿದೆ. ಕಣ್ಣಿನ ಸುತ್ತ ಕಾಡಿಗಿ. ಚರ್ಮ ಭಾಳ ತೆಳು. ಕಣ್ಣು ಮುಚ್ಚಿ ಕುಂತಿದ್ರು, ನಿದ್ದಿ ಹತ್ತಿದವರಂಗ. ಕುಂಕುಮಕ್ಕ ಬಂದು ನನ್ನ ಬೆರಳು ನಿಂತಿತು.

"ಹಚ್ಚು."

"ಅತ್ತೀ, ಮನಿಯವರು..."

"ದೆವ್ವಕ್ಕ ಯಾರು ಬ್ಯಾಡಂತಾರ?"

ಹಚ್ಚಿದೆ. ಕನ್ನಡಿ ಕೊಟ್ಟೆ. ಮಾವ ಹೋಗಿ ಇಪ್ಪತ್ತಾರು ವರ್ಷ. ಕಪಿಲ ಎರಡು ಸಲ ಕರದ — ಅತ್ತಿ ಕನ್ನಡಿ ಕೆಳಗ ಇಡಲಿಲ್ಲ.

ಅದೇ ದಿನ, ಸಂಜಿ

ಹೀರೋ ಬೀರೇಶ ದಾರಿ ತಪ್ಪಿ ಖಣಿಗಿ ಇಳೀತಾನ. ದೆವ್ವ ತಿರುಗಿ ಚೀರ್ಬೇಕು, ಅವ ಓಡ್ಬೇಕು. ಸೀನ್ ಇಷ್ಟೇ.

ಅತ್ತಿ ನೀರಿನ ದಂಡ್ಯಾಗ ನಿಂತಿದ್ರು. ತಿರುಗಿದ್ರು. ಚೀರ್ಲಿಲ್ಲ. ಸಣ್ಣ ಧ್ವನ್ಯಾಗ —

"ಬಂದ್ರೇನು? ಕೈಕಾಲು ತೊಳ್ಕೋರಿ. ಉಣ್ಣಾಕ ನೀಡ್ತೀನಿ."

ಬೀರೇಶ ಓಡೋದು ಮರೆತ. ಕಲ್ಲು ಆ ಮಾತು ತಿರುಗಿ ಕೊಡ್ತು, "ನೀಡ್ತೀನಿ... ನೀಡ್ತೀನಿ..." ಯಾರೂ ಕಟ್ ಅನ್ಲಿಲ್ಲ.

ರೈಲಿನ್ಯಾಗ ಬೂದಿ ಬಣ್ಣ ಒರಸಿದೆ. ಹಣೀಗಿ ಬಂದಾಗ ಕೈ ಅಡ್ಡ ಹಿಡಿದ್ರು. "ಸೇಡಂ ತನಕ ಇರ್ಲಿ."

ವಾಡಿ ಪ್ಲಾಟ್‌ಫಾರ್ಮಿನ್ಯಾಗ ಹೂವಿನಾಕಿ "ತಗೋರಿ ಯವ್ವಾ, ಮುತ್ತೈದಿ ಇದ್ದೀರಿ" ಅಂತ ಒಂದು ಮಳ ಮಲ್ಲಿಗಿ ಚಾಚಿದಳು. ಅತ್ತಿ ತಗೊಂಡ್ರು. ಮುಡೀಲಿಲ್ಲ. ದಾರಿ ತುಂಬಾ ಮೂಸಿದ್ರು.

ಸೇಡಂ ಟೇಶನ್ ನಳದಾಗ ತಾವೇ ಹಣಿ ತೊಳ್ಕೊಂಡ್ರು. ಹೂವು ಅಲ್ಲೇ ಕಟ್ಟಿಮ್ಯಾಲ ಇಟ್ರು. ಮನಿಗಿ ಬಂದಾಗ ಮನಿಯವರು ಅತ್ತಿ ಮುಖಾನೂ ನೋಡಲಿಲ್ಲ.

ಫೆ. 27

ಕಪಿಲ ಮುಖ ಸಣ್ಣದು ಮಾಡ್ಕೊಂಡು ಬಂದ. ಫಿಲಂ ನೋಡಿದವರು ಯಾರೂ ಅಂಜವಲ್ಲರಂತ. "ಒಬ್ಬಾಂವ ಕಣ್ಣೀರು ಹಾಕ್ದ ಅಕ್ಕಾ. ಹಾರರ್ ಅಂತ ಹೆಂಗ ಬಿಡ್ಲಿ? ಬ್ಯಾರೆಯವರ ಕಡಿಂದ ಚೀರಿಸಿ ಡಬ್ ಮಾಡ್ಲೇನು?"

ಅತ್ತಿ ಚಹಾ ಕೊಡ್ತಾ ಅಂದ್ರು. "ಬ್ಯಾಡ ತಮ್ಮಾ. ಅಷ್ಟು ವರ್ಷ ಕಾದಾಕಿ, ಬಂದವರನ್ನ ಯಾಕ ಅಂಜಸ್ತಾಳ?"

ಕಪಿಲ ಚಹಾ ಕುಡದು ಲೋಟ ಇಟ್ಟ. ಹಂಗೇ ಬಿಡ್ತೀನಿ ಅಂತ ಹೋದ.

ಮಾರ್ಚ್ 8, ಮಧ್ಯಾಹ್ನ

ತಿಂಗಳಾತು ಆ ಮಾತು ಎತ್ತದ ಮನಿಯವರು ಇವತ್ತ ತಾವೇ — "ಎಲ್ಲದ ಅದು? ತೋರಸು."

ಫೋನ್ ಕೊಟ್ಟೆ. ಏಳು ನಿಮಿಷ. ಮತ್ತ ಮೊದಲಿಂದ. ಮೂರನೇ ಸಲಕ್ಕ ಅತ್ತಿ ತಿರುಗೋ ಕಡೆ ನಿಲ್ಸಿದ್ರು.

"ಅಪ್ಪ ಬಂದಾಗ ಹಿಂಗೇ ಅಂತಿದ್ಳು" ಅಂದ್ರು.

ಅತ್ತಿ ಒಳಗಿಂದ ಬಂದ್ರು, ಕೈ ತುಂಬಾ ಜೋಳದ ಹಿಟ್ಟು. ಇವರು ಫೋನ್ ಮುಚ್ಚಿಡಲಿಲ್ಲ.

"ಅವ್ವಾ, ನಾಳಿ ಸುಲೇಪೇಟದಾಗ ಮದಿವಿ ಅದ. ನೀನೂ ಬಾ."

ಮಾವ ಹೋದಾಗಿಂದ ಅತ್ತಿ ಒಂದು ಮದಿವಿಗೂ ಹೋಗಿಲ್ಲ, ನಮ್ಮ ಮದಿವಿಗೂ. ಯಾರೂ ಕರದಿಲ್ಲ. ಮಗನೂ ಕರದಿಲ್ಲ, ನಾನೂ.

"ಮುಂದ ಕುಂದ್ರು. ಯಾರರೆ ಏನರೆ ಅಂದ್ರ ನಾ ಇದ್ದೀನಿ."

ಅತ್ತಿ ಹಿಟ್ಟಿನ ಕೈ ನೋಡ್ಕೋತ ನಿಂತ್ರು. ಆಮ್ಯಾಲ ಮಗನ ಕಡಿ ಅಲ್ಲ, ನನ್ನ ಕಡಿ ತಿರುಗಿದ್ರು.

"ಉಮಾ, ಯಾವ ಸೀರಿ ಉಡ್ಲಿ?"

ಬರ್ಯಾಕ ಕುಂತೀನಿ, ಒಳಗಿಂದ ಮತ್ತ ಕರ್ಯಾಕತ್ತಾರ. ಟ್ರಂಕು ತೆಗಿಬೇಕು. ಇಸ್ತ್ರಿನೂ —